ಕರೆದರೆ ಓಗೊಡುವಷ್ಟು ಹತ್ತಿರ

ಮಕ್ಕಳಿಗೆ ದಿನಕ್ಕೆ ಎಷ್ಟು ಹೊತ್ತು ಮೊಬೈಲ್ ಕೊಡಬಹುದು? ಸ್ಕೂಲ್ ಗೇಟಿನ ಹತ್ತಿರ ನಾಲ್ಕು ಜನ ಅಮ್ಮಂದಿರು ನಿಂತರೆ ಈ ಪ್ರಶ್ನೆ ಬಂದೇ ಬರುತ್ತದೆ. ತಿಳಿದವರು ಇದಕ್ಕೆ ಉತ್ತರ ಕೊಟ್ಟಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿತು: ವರ್ಷ ತುಂಬದ ಮಗುವಿಗೆ ಸ್ಕ್ರೀನ್ ಬೇಡವೇ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ದಾಟಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘ, ಅಂದರೆ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಇನ್ನೂ ಸ್ವಲ್ಪ ಬಿಡಿಸಿ ಹೇಳುತ್ತದೆ. ಎರಡು ವರ್ಷದೊಳಗೆ ಸ್ಕ್ರೀನ್ ಬೇಡ, ದೂರದ ನೆಂಟರ ಜೊತೆ ಆಗೊಮ್ಮೆ ಈಗೊಮ್ಮೆ ವಿಡಿಯೊ ಕಾಲ್ ಆಗಬಹುದು. 2ರಿಂದ 5ರವರೆಗೆ ಒಂದು ಗಂಟೆಯ ಒಳಗೆ. 5ರಿಂದ 10ರವರೆಗೆ ಎರಡು ಗಂಟೆಯ ಒಳಗೆ, ಅದೂ ಓದು, ಆಟ, ನಿದ್ದೆ ಎಲ್ಲ ಕಳೆದು.

ಈ ಲೆಕ್ಕ ನನಗೆ ಒಪ್ಪಿಗೆ. ಚಿಕ್ಕ ಮಕ್ಕಳ ವಿಷಯದಲ್ಲಿ ಅದನ್ನು ಮೀರಬಾರದು ಅಂತಲೇ ನನ್ನ ಅಭಿಪ್ರಾಯ. ಆದರೆ ನಮ್ಮನೆಯಲ್ಲಿ ಎಂಟು ವರ್ಷದ ಮಗಳಿದ್ದಾಳೆ, ಮೂರು ತುಂಬುತ್ತಿರುವ ಮಗ ಇದ್ದಾನೆ, ಸಂಜೆ ಸೀರಿಯಲ್ ನೋಡುವ ಅತ್ತೆ ಇದ್ದಾರೆ, ಮನೆಯಿಂದಲೇ ಆಫೀಸ್ ಕೆಲಸ ಮಾಡುವ ಗಂಡ ಇದ್ದಾರೆ. ಇಷ್ಟೂ ಜನರ ದಿನವನ್ನು ಗಂಟೆ ನಿಮಿಷದಲ್ಲಿ ಅಳೆದರೆ ನಿಜವಾಗಿ ಏನು ನಡೀತಿದೆ ಅಂತ ಗೊತ್ತಾಗುವುದಿಲ್ಲ. ಒಂದೇ ಅರ್ಧ ಗಂಟೆ ಎರಡು ಥರ ಇರಬಹುದು.

ಮೊದಲನೆಯ ಥರ ಹೀಗೆ. ಸಂಜೆ ಹಾಲ್‌ನಲ್ಲಿ ಅತ್ತೆ, ಮಗಳು ಇಬ್ಬರೂ ನೆಲದ ಮೇಲೆ ಕೂತು ಸೀರಿಯಲ್ ನೋಡುತ್ತಿರುತ್ತಾರೆ. ಮಧ್ಯೆ ಪೇಪರ್ ಹಾಸಿ ಅವರೆಕಾಯಿ ಸುರಿದುಕೊಂಡಿರುತ್ತಾರೆ. ಕೈ ಕಾಯಿ ಬಿಡಿಸುತ್ತಿರುತ್ತದೆ, ಕಣ್ಣು ಟಿವಿ ಮೇಲೆ. ಜಾಹೀರಾತು ಬಂದ ಕೂಡಲೇ ಚರ್ಚೆ ಶುರು.

“ಅಜ್ಜಿ, ಅವಳು ಯಾಕೆ ಸುಳ್ಳು ಹೇಳಿದ್ಲು?”

“ಹೇಳದೇ ಇದ್ದಿದ್ರೆ ಅವಳ ತಮ್ಮಂಗೆ ಏಟು ಬೀಳ್ತಿತ್ತಲ್ಲ ಪುಟ್ಟಿ.”

“ಆದ್ರೂ ಹೇಳ್ಬಾರದಾಗಿತ್ತು. ಅವರಮ್ಮಂಗೆ ನಿಜ ಹೇಳಿದ್ರೆ ಅವರೇ ಬಿಡಿಸ್ತಿದ್ರು.”

“ನೀನು ನಿನ್ನ ತಮ್ಮನ್ನ ಬಿಟ್ಟುಕೊಡ್ತೀಯಾ ಹಾಗಾದ್ರೆ?”

ಅಲ್ಲಿಗೆ ಮಗಳು ಯೋಚನೆಗೆ ಬೀಳುತ್ತಾಳೆ. ಬಿಡಿಸಿದ ಕಾಳಿನಲ್ಲಿ ಒಂದು ಹುಳು ಕಾಣಿಸುತ್ತದೆ, ಅದರ ಮೇಲೆ ಇನ್ನೊಂದು ಮಾತು. ನಾನು ಅಡುಗೆಮನೆಯಿಂದ ಕೂಗಿದರೆ ಇಬ್ಬರೂ ಒಟ್ಟಿಗೆ “ಹಾಂ, ಬಂದ್ವಿ” ಅನ್ನುತ್ತಾರೆ.

ಎರಡನೆಯ ಥರ ಹೀಗೆ. ಅದೇ ಮಗಳು ರೂಮಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಟ್ಯಾಬ್‌ನಲ್ಲಿ ಗ್ರಹಗಳ ವಿಡಿಯೊ ನೋಡುತ್ತಾಳೆ. ಶನಿಯ ಬಳೆ, ಗುರುವಿನ ಚಂದ್ರರು, ಎಲ್ಲ ಚೆನ್ನಾಗಿಯೇ ಇದೆ. ಊಟಕ್ಕೆ ಕರೆದರೆ ಉತ್ತರ ಇಲ್ಲ. ಎರಡನೇ ಸಲ ಕರೆದರೂ ಇಲ್ಲ. ಹತ್ತಿರ ಹೋಗಿ ಭುಜ ಮುಟ್ಟಿದರೆ ಸಿಡಿಮಿಡಿ.

ನೋಡಿದ ವಿಷಯವನ್ನಷ್ಟೇ ತೂಗಿದರೆ ಗ್ರಹಗಳ ವಿಡಿಯೊಗೇ ಜಾಸ್ತಿ ಅಂಕ ಕೊಡಬೇಕು. ನಾನು ಮಾತ್ರ ಯಾವತ್ತೂ ಮೊದಲನೆಯದನ್ನೇ ಆರಿಸುತ್ತೇನೆ. ಅಲ್ಲಿ ಮಗು ಪ್ರಶ್ನೆ ಕೇಳಿದರೆ ಉತ್ತರ ಸಿಗುತ್ತಿದೆ, ಮಗುವನ್ನು ಕರೆದರೆ ಮಗುವೂ ಓಗೊಡುತ್ತಿದೆ. ನಮ್ಮನೆಯಲ್ಲಿ ನಾನು ನೋಡುವ ಅಳತೆ ಇದೇ. ಸ್ಕ್ರೀನ್ ಎಷ್ಟು ಹೊತ್ತು ಉರಿಯಿತು ಅನ್ನುವುದಕ್ಕಿಂತ, ಅದು ಉರಿಯುತ್ತಿದ್ದಾಗ ಮನೆಯವರು ಒಬ್ಬರಿಗೊಬ್ಬರು ಸಿಗುತ್ತಿದ್ದರಾ ಅನ್ನುವುದು.

ಇದು ನನ್ನ ಮನಸ್ಸಿಗೆ ತೋಚಿದ್ದು ಮಾತ್ರ ಅಲ್ಲ. 2003ರಲ್ಲಿ ಪೆಟ್ರೀಷಿಯಾ ಕುಲ್ ಅನ್ನುವ ಅಮೆರಿಕದ ವಿಜ್ಞಾನಿ ಮತ್ತು ಅವರ ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. ಸಿಯಾಟಲ್ ಊರಿನ, ಇಂಗ್ಲಿಷ್ ಮಾತಾಡುವ ಮನೆಗಳ ಒಂಬತ್ತು ತಿಂಗಳ ಕೂಸುಗಳು. ಕೆಲವು ಕೂಸುಗಳ ಜೊತೆ ಚೀನೀ ಮಾತಾಡುವವರು ಎದುರಿಗೇ ಕೂತು ಆಡಿದರು, ಪುಸ್ತಕ ಓದಿದರು. ಇನ್ನು ಕೆಲವಕ್ಕೆ ಅದೇ ಜನ ಅದೇ ಮಾತಾಡಿದ ವಿಡಿಯೊ ತೋರಿಸಿದರು. ಎರಡು ಕಡೆಯೂ 12 ಸಲ, ಸಲಕ್ಕೆ 25 ನಿಮಿಷ. ಎದುರಿಗೆ ಕೂತವರಿಂದ ಕೇಳಿದ ಕೂಸುಗಳು ಚೀನೀ ಭಾಷೆಯ ಧ್ವನಿಗಳ ವ್ಯತ್ಯಾಸ ಗುರುತಿಸಿದವು. ವಿಡಿಯೊ ನೋಡಿದವು ಏನೂ ಕಲಿಯಲಿಲ್ಲ. ಸಮಯ ಒಂದೇ, ಮಾತೂ ಒಂದೇ. ಇಲ್ಲದೇ ಇದ್ದದ್ದು ಮಗುವಿನ ಮುಖ ನೋಡಿ ಮಾತಾಡುವ ಮನುಷ್ಯರು.

ಹಾಗಾದರೆ ಗಾಜಿನ ಪರದೆಯದೇ ತಪ್ಪಾ? ಅದೂ ಅಲ್ಲ. 2014ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಎರಡರಿಂದ ಎರಡೂವರೆ ವರ್ಷದ ಮಕ್ಕಳಿಗೆ ಹೊಸ ಪದಗಳನ್ನು ಮೂರು ಥರ ಕಲಿಸಿದರು. ಎದುರಿಗೆ ಕೂತು, ವಿಡಿಯೊ ಕಾಲ್‌ನಲ್ಲಿ, ಮತ್ತೆ ಮೊದಲೇ ಮಾಡಿಟ್ಟ ವಿಡಿಯೊದಲ್ಲಿ. ಎದುರಿಗೆ ಕೂತು ಕಲಿತವರಷ್ಟೇ ಚೆನ್ನಾಗಿ ವಿಡಿಯೊ ಕಾಲ್‌ನವರೂ ಕಲಿತರು. ಮಾಡಿಟ್ಟ ವಿಡಿಯೊದಿಂದ ಕಲಿಯಲಿಲ್ಲ. ಕಾಲ್‌ನಲ್ಲಿದ್ದ ಮನುಷ್ಯರು ಮಗು ಏನಾದರೂ ಅಂದರೆ ಅದಕ್ಕೆ ತಿರುಗಿ ಏನಾದರೂ ಅನ್ನುತ್ತಿದ್ದರು.

ಇದನ್ನು ನಾನು ಭಾನುವಾರ ಬೆಳಗ್ಗೆ ಕಣ್ಣಾರೆ ನೋಡುತ್ತೇನೆ. ನನ್ನ ತಮ್ಮ ಡಲ್ಲಾಸ್‌ನಲ್ಲಿದ್ದಾನೆ. ನಮಗೆ ಬೆಳಗಾದಾಗ ಅಲ್ಲಿ ಶನಿವಾರ ರಾತ್ರಿ, ಅವನ ಮಗಳು ಮಲಗುವ ಮುಂಚಿನ ಹೊತ್ತು. ನಮ್ಮಮ್ಮ ಶಿವಮೊಗ್ಗದ ಮನೆಯ ಹಿತ್ತಿಲಿಗೆ ಫೋನ್ ಹಿಡಿದುಕೊಂಡು ಹೋಗುತ್ತಾರೆ. ಕರಿಬೇವಿನ ಗಿಡ ತೋರಿಸುತ್ತಾರೆ, ಬಾವಿಕಟ್ಟೆ ಮೇಲೆ ಮಲಗಿದ ಬೆಕ್ಕು ತೋರಿಸುತ್ತಾರೆ. ಆ ಪುಟ್ಟದು ಅಲ್ಲಿಂದ “ಬೆಕ್ಕು ಏಳು!” ಅಂತ ಕೂಗುತ್ತದೆ. ಬೆಕ್ಕು ಕಿವಿ ಆಡಿಸಿದರೆ ಮೊಮ್ಮಗಳಿಗೂ ಅಜ್ಜಿಗೂ ಸಮನಾದ ಸಂಭ್ರಮ. ಆ ಮಗುವಿನ ಕನ್ನಡ ಬಹುಪಾಲು ಈ ಹಿತ್ತಿಲಿನದೇ. ಈ ಹೊತ್ತನ್ನು ಸ್ಕ್ರೀನ್ ಟೈಮ್ ಲೆಕ್ಕಕ್ಕೆ ಸೇರಿಸಿ ಕಡಿತ ಮಾಡಿ ಅಂದರೆ ನಾನಂತೂ ಒಪ್ಪುವುದಿಲ್ಲ.

ಊಟದ ವಿಷಯಕ್ಕೆ ಬರುತ್ತೇನೆ. ನನಗೆ ತುಂಬಾ ಸಂಕಟ ಆಗುವುದು ಅಲ್ಲಿಯೇ. ಯಾವ ಮದುವೆ ಮನೆಗೆ ಹೋದರೂ ಈಗ ಈ ನೋಟ ಇದ್ದೇ ಇರುತ್ತದೆ. ನೀರಿನ ಬಾಟಲಿಗೆ ಒರಗಿಸಿದ ಮೊಬೈಲ್, ಎದುರಿಗೆ ಮಗು, ಪಕ್ಕದಲ್ಲಿ ಕಲಸಿದ ಅನ್ನ ಹಿಡಿದ ಅಮ್ಮ. ಕಣ್ಣು ಪರದೆಯಿಂದ ಆಚೀಚೆ ಆಗುವುದಿಲ್ಲ. ತುತ್ತು ತುಟಿಗೆ ತಾಗಿದರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಸಾರನ್ನವೋ ಮೊಸರನ್ನವೋ ಗೊತ್ತಿಲ್ಲ. ಕೆನ್ನೆಯಲ್ಲಿ ಅನ್ನ ಹಾಗೇ ನಿಂತಿರುತ್ತದೆ, “ನುಂಗು, ನುಂಗು” ಅಂತ ಅಮ್ಮ ಹೇಳುತ್ತಲೇ ಇರಬೇಕು. ನೆಟ್ ನಿಂತು ಪರದೆಯ ಮೇಲೆ ಚಕ್ರ ತಿರುಗತೊಡಗಿದರೆ ಬಾಯಿಯೂ ಮುಚ್ಚುತ್ತದೆ.

ಆ ಅಮ್ಮಂದಿರನ್ನು ಬೈಯುವುದು ನನ್ನಿಂದ ಆಗುವುದಿಲ್ಲ. ಬೆಳಗ್ಗೆ ಐದಕ್ಕೆ ಎದ್ದು, ಡಬ್ಬಿ ಕಟ್ಟಿ, ಬಸ್ ಹಿಡಿದು, ಸಂಜೆ ಬಂದು ಮತ್ತೆ ಒಲೆ ಮುಂದೆ ನಿಲ್ಲುವವರು ಅವರು. ಮಗು ನಾಲ್ಕು ತುತ್ತು ತಿಂದರೆ ಸಾಕು ಅನ್ನಿಸಿರುತ್ತದೆ. ತಿನ್ನದೇ ಹೋದರೆ “ಮಗು ಸೊರಗಿದೆಯಲ್ಲ” ಅನ್ನಲು ಹತ್ತು ಜನ ಇರುತ್ತಾರೆ. ಎತ್ತಿಕೊಳ್ಳಲು ಒಬ್ಬರೂ ಇರುವುದಿಲ್ಲ. ಆದರೂ ಹೇಳಬೇಕು, ಯಾಕೆಂದರೆ ಅಲ್ಲಿ ಮಗುವಿನ ಕಡೆಯಿಂದ ಬರಬೇಕಾದ ಎರಡು ಮಾತು ನಿಂತುಹೋಗುತ್ತವೆ. ಒಂದು “ಹಸಿವು”, ಇನ್ನೊಂದು “ಸಾಕು”. ನಮ್ಮ ಮಗ ಅಡುಗೆಮನೆಯ ನೆಲದಲ್ಲಿ ಚಿಕ್ಕ ತಟ್ಟೆ ಇಟ್ಟುಕೊಂಡು ತಾನೇ ತಿನ್ನುತ್ತಾನೆ. ಅರ್ಧ ಹೊಟ್ಟೆಗೆ, ಅರ್ಧ ನೆಲಕ್ಕೆ. ಸಾರು ಕೂದಲಿಗೆ. ಒಂದೊಂದು ದಿನ ಎರಡೇ ತುತ್ತಿಗೆ ಎದ್ದುಬಿಡುತ್ತಾನೆ. “ಹಸಿವಾದ್ರೆ ಅವನೇ ಕೇಳ್ತಾನೆ, ಬಿಡೇ” ಅನ್ನುತ್ತಾರೆ ಅತ್ತೆ. ಕೇಳುತ್ತಾನೆ, ನಿಜ. ಒರೆಸುವ ಬಟ್ಟೆ ಕೈಗೆ ಸಿಗುವಂತೆ ಇಟ್ಟುಕೊಂಡಿದ್ದೇವೆ, ಅಷ್ಟೆ.

ನಮ್ಮ ನೆಂಟರ ಪೈಕಿ ಬೆಂಗಳೂರಿನಲ್ಲೊಂದು ಗಂಡುಮಗು. ಎರಡೂವರೆ ವರ್ಷಕ್ಕೆ ಇಂಗ್ಲಿಷಿನಲ್ಲಿ ಬಣ್ಣ, ಅಂಕಿ, ಪ್ರಾಣಿಗಳ ಹೆಸರು ಎಲ್ಲ ಹೇಳುತ್ತಿದ್ದ, ಥೇಟ್ ವಿಡಿಯೊದ ರಾಗದಲ್ಲಿ. ಬಂದವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಆದರೆ ನೀರು ಬೇಕಾದರೆ ಅಮ್ಮನ ಕೈ ಹಿಡಿದು ಫ್ರಿಜ್‌ವರೆಗೆ ಎಳೆದುಕೊಂಡು ಹೋಗುತ್ತಿದ್ದ. “ನೀರು” ಅನ್ನುತ್ತಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಮನೆಯವರು ಮೈಸೂರಿಗೆ ಕರೆತಂದು ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿದರು. ನಾವು ಇಲ್ಲಿಯವರು ಅದನ್ನು ಸುಮ್ನೆ “ಸ್ಪೀಚ್ ಅಂಡ್ ಹಿಯರಿಂಗ್” ಅಂತಲೇ ಕರೆಯುವುದು. ಅಲ್ಲಿ ಮೊದಲು ಕಿವಿ ಪರೀಕ್ಷೆ, ಆಮೇಲೆ ಉಳಿದದ್ದು. ಈಗ ಅವನು ಮಾತಾಡುತ್ತಾನೆ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಮಾತು ತಡವಾಗಲು ಮೊಬೈಲೇ ಕಾರಣ ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಕಾಯಬೇಡಿ. ಕಿವಿಯದೋ ಆಟಿಸಂನದೋ ತೊಂದರೆ ಇದ್ದರೆ ಬೇಗ ಗೊತ್ತಾದಷ್ಟೂ ಮಗುವಿಗೆ ಅನುಕೂಲ. ಮೊಬೈಲ್ ಬಿಡಿಸಿ, ತೋರಿಸಲೂ ಹೋಗಿ. ಎರಡೂ ಮಾಡಿ.

ಗಡಿಯಾರದ ಲೆಕ್ಕವೇ ಬೇಡ ಅಂತ ನಾನು ಹೇಳುತ್ತಿಲ್ಲ. ಕಣ್ಣಿಗೆ ಮತ್ತು ನಿದ್ದೆಗೆ ಗಡಿಯಾರವೇ ಬೇಕು. ತೈವಾನ್ ದೇಶದಲ್ಲಿ ಶಾಲೆ ಮಕ್ಕಳ ಕನ್ನಡಕ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಾ ಹೋಗಿತ್ತು. 2010ರಿಂದ ದಿನಕ್ಕೆ 120 ನಿಮಿಷ ಮಕ್ಕಳನ್ನು ಬಯಲಿಗೆ ಕಳಿಸುವ ಕಾರ್ಯಕ್ರಮ ಶುರು ಮಾಡಿದರು, ಏರುತ್ತಿದ್ದ ಲೆಕ್ಕ ಇಳಿಯತೊಡಗಿತು. ಬಿಸಿಲಿನ ಬೆಳಕಿಗೆ ಕಣ್ಣುಗುಡ್ಡೆ ಬೇಕಾದ್ದಕ್ಕಿಂತ ಉದ್ದ ಬೆಳೆಯುವುದನ್ನು ತಡೆಯುವ ಗುಣ ಇದೆ ಅನ್ನುತ್ತಾರೆ ಕಣ್ಣಿನ ವೈದ್ಯರು. ನಮ್ಮ ಕುವೆಂಪುನಗರದಲ್ಲಿ ಇನ್ನೂ ಪಾರ್ಕುಗಳಿವೆ, ಮಕ್ಕಳು ಲಗೋರಿ ಆಡುವಷ್ಟು ಜಾಗ ಇದೆ. ಸಂಜೆ ನಾಲ್ಕೂವರೆಯಿಂದ ಆರರವರೆಗೆ ನಮ್ಮ ಮಕ್ಕಳು ಮನೆಯೊಳಗೆ ಇರುವುದಿಲ್ಲ. ಮಲಗುವ ರೂಮಿಗೆ ಯಾರ ಫೋನೂ ಹೋಗುವುದಿಲ್ಲ. ಇವೆರಡು ಗಟ್ಟಿ ನಿಯಮ.

ಉಳಿದ ಹೊತ್ತಿನಲ್ಲಿ ದೊಡ್ಡ ಜಗಳ ಆಗುವುದು ನಿಲ್ಲಿಸುವಾಗ, ಅಲ್ವಾ? ನಾನು ಚಿಕ್ಕವಳಿದ್ದಾಗ ಟಿವಿಯಲ್ಲಿ ಕಾರ್ಯಕ್ರಮ ಅನ್ನುವುದು ಮುಗಿಯುತ್ತಿತ್ತು. ಮುಗಿದರೆ ಎದ್ದು ಹೋಗುತ್ತಿದ್ದೆವು, ಯಾರೂ ಅಳುತ್ತಿರಲಿಲ್ಲ. ಈಗಿನವು ಮುಗಿಯುವುದೇ ಇಲ್ಲ. ಬೆರಳು ತಳ್ಳಿದಷ್ಟೂ ಕೆಳಗಿನಿಂದ ಹೊಸದು ಬರುವ ಏರ್ಪಾಡನ್ನು 2006ರಲ್ಲಿ ರೂಪಿಸಿದವರು ಏಜಾ ರಾಸ್ಕಿನ್ ಅನ್ನುವ ಅಮೆರಿಕದ ವಿನ್ಯಾಸಕಾರ. ಆಮೇಲೆ ಅವರೇ ಅದರ ಬಗ್ಗೆ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. ಒಂದು ವಿಡಿಯೊ ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಗುವುದೂ ಇದೇ ಜಾತಿಯದು. ದೊಡ್ಡವರಿಗೇ ನಿಲ್ಲಿಸಲು ಕಷ್ಟವಾಗುವುದನ್ನು ಮೂರು ವರ್ಷದ ಮಗು ನಗುನಗುತ್ತಾ ನಿಲ್ಲಿಸಬೇಕು ಅನ್ನುವುದು ನ್ಯಾಯವೇ ಅಲ್ಲ.

ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2016ರಲ್ಲಿ ಈ ಜಗಳವನ್ನೇ ಹತ್ತಿರದಿಂದ ನೋಡಿದರು. “ಇನ್ನೆರಡು ನಿಮಿಷ, ಆಮೇಲೆ ಬಂದ್” ಅಂತ ಎಚ್ಚರಿಸಿದರೆ ಮಕ್ಕಳ ರಂಪ ಕಡಿಮೆಯಾಗುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಅವರಿಗೆ ಕಂಡದ್ದು ಉಲ್ಟಾ. ಎಚ್ಚರಿಕೆ ಕೊಟ್ಟಾಗಲೇ ರಂಪ ಜಾಸ್ತಿ. ನೋಡುತ್ತಿದ್ದದ್ದು ತಾನಾಗಿ ಮುಗಿದಾಗ, ಅಥವಾ ದಿನಾ ಅದೇ ಹೊತ್ತಿಗೆ ನಿಲ್ಲಿಸುವ ರೂಢಿ ಇದ್ದಾಗ ಮಕ್ಕಳು ಸುಲಭವಾಗಿ ಎದ್ದು ಹೋಗಿದ್ದರು. ಹಾಗಾಗಿ ನಮ್ಮನೆಯಲ್ಲಿ ನಿಮಿಷ ಹೇಳುವುದಿಲ್ಲ, “ಇದೊಂದು ಕಥೆ” ಅನ್ನುತ್ತೇವೆ. ತಾನಾಗಿ ಮುಂದಿನದಕ್ಕೆ ಹೋಗುವ ಆಟೊಪ್ಲೇ ಸ್ವಿಚ್ಚನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿದ್ದೇವೆ. ಶಾರ್ಟ್ಸ್, ರೀಲ್ಸ್ ಮಕ್ಕಳ ಕೈಗೆ ಇಲ್ಲವೇ ಇಲ್ಲ. ಅದಕ್ಕೆ ಮುಗಿಯುವ ಜಾಗ ಇಲ್ಲವಲ್ಲ. ಕಥೆ ಮುಗಿದ ಮೇಲೆ ಯಾರಾದರೂ ಒಬ್ಬರು “ಏನಾಯ್ತು ಕೊನೇಲಿ?” ಅಂತ ಕೇಳಲೇಬೇಕು. ಕೇಳುವವರಿದ್ದರೆ ಮಗುವಿಗೆ ಹೇಳುವ ಆಸೆ ಇರುತ್ತದೆ, ಹೇಳುತ್ತಾ ಹೇಳುತ್ತಾ ಟ್ಯಾಬ್ ಮರೆಯುತ್ತದೆ.

ಇಷ್ಟು ಹೊತ್ತು ಮಕ್ಕಳ ಬಗ್ಗೆ ಬರೆದೆ. ನಿಜ ಹೇಳಬೇಕೆಂದರೆ ಕರೆದರೆ ಓಗೊಡದವರ ಪಟ್ಟಿಯಲ್ಲಿ ಮೊದಲು ಬರುವವರು ದೊಡ್ಡವರು.

ಎಡ್ವರ್ಡ್ ಟ್ರಾನಿಕ್ ಅನ್ನುವ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ಮಾಡಿದ ಒಂದು ಪ್ರಯೋಗ ಇದೆ. ತಾಯಿ ಮಗುವಿನ ಜೊತೆ ನಗುತ್ತಾ ಆಡುತ್ತಾಳೆ. ಆಮೇಲೆ ಸ್ವಲ್ಪ ಹೊತ್ತು ಮುಖದಲ್ಲಿ ಏನೂ ತೋರಿಸದೆ ಸುಮ್ಮನೆ ಕೂರುತ್ತಾಳೆ. ಮಗು ನಗುತ್ತದೆ, ಕೈ ಚಾಚುತ್ತದೆ, ಸದ್ದು ಮಾಡುತ್ತದೆ. ಏನೂ ನಡೆಯದೆ ಇದ್ದಾಗ ಮುಖ ತಿರುಗಿಸುತ್ತದೆ, ಕೊನೆಗೆ ಅಳುತ್ತದೆ. ಆಗ ಮೊಬೈಲ್ ಇರಲಿಲ್ಲ. ಆದರೆ ಫೋನ್ ನೋಡುತ್ತಿರುವ ಅಪ್ಪನ ಮುಖ, ಅಮ್ಮನ ಮುಖ ನೆನಪಿಸಿಕೊಳ್ಳಿ. ಹಾಗೇ ಇರುತ್ತದೆ, ಅಲ್ವಾ?

ನನ್ನ ಅಪ್ಪ ಬೆಳಗ್ಗೆ ಪೇಪರ್ ಓದುತ್ತಿದ್ದರು. ತಿಂಗಳ ಕೊನೆಗೆ ಬ್ಯಾಂಕಿನ ಪಾಸ್‌ಬುಕ್ ತೆಗೆದು ಲೆಕ್ಕ ಬರೆಯುತ್ತಿದ್ದರು. ಗೋಡೆಯ ಪಂಚಾಂಗ ನೋಡಿ ಏಕಾದಶಿ ಯಾವತ್ತು ಅಂತ ಅಮ್ಮನಿಗೆ ಹೇಳುತ್ತಿದ್ದರು. ದೂರದಿಂದ ನೋಡಿದರೇ ನನಗೆ ಗೊತ್ತಾಗುತ್ತಿತ್ತು, ಅಪ್ಪ ಈಗ ಏನು ಮಾಡುತ್ತಿದ್ದಾರೆ, ಈಗ ಮಾತಾಡಿಸಬಹುದಾ ಬೇಡವಾ ಅಂತ. ಈಗ ಪೇಪರ್, ಬ್ಯಾಂಕು, ಪಂಚಾಂಗ, ಕರೆಂಟ್ ಬಿಲ್, ತರಕಾರಿ ಆರ್ಡರ್, ಆಫೀಸಿನ ಮೆಸೇಜ್, ಸುಮ್ಮನೆ ಕಾಲ ಕಳೆಯುವುದು, ಎಲ್ಲ ಒಂದೇ ಫೋನಿನೊಳಗೆ. ಹೊರಗಿನಿಂದ ನೋಡುವ ಮಗುವಿಗೆ ಎಲ್ಲವೂ ಒಂದೇ ಥರ. ಅಪ್ಪ ಬಿಲ್ ಕಟ್ಟುತ್ತಿದ್ದರೂ ಮಗುವಿಗೆ ಕಾಣುವುದು ಅಪ್ಪ ಮೊಬೈಲ್ ನೋಡುತ್ತಿದ್ದಾರೆ ಅಂತ ಮಾತ್ರ.

ಅದಕ್ಕೆ ನಾವು ಮಾಡಿಕೊಂಡ ರೂಢಿ ಬಹಳ ಸರಳ. ಮಕ್ಕಳ ಎದುರು ಫೋನ್ ಕೈಗೆತ್ತಿಕೊಂಡರೆ ಯಾಕೆ ಅಂತ ಬಾಯಿಬಿಟ್ಟು ಹೇಳಬೇಕು. “ಗ್ಯಾಸ್ ಬುಕ್ ಮಾಡ್ತಾ ಇದ್ದೀನಿ.” “ಅತ್ತೆಗೆ ಮಾತ್ರೆ ತರಿಸ್ತಾ ಇದ್ದೀನಿ, ಒಂದ್ನಿಮಿಷ.” ಹೇಳಿದ ಕೆಲಸ ಮುಗಿದರೆ ಫೋನ್ ಮತ್ತೆ ಬಾಗಿಲ ಪಕ್ಕದ ಗೂಡಿಗೆ. ಹೇಳಲು ಕಾರಣವೇ ಹೊಳೆಯದಿದ್ದರೆ ಎತ್ತಿಕೊಳ್ಳುವ ಅಗತ್ಯ ಇಲ್ಲ ಅಂತಲೇ ಅರ್ಥ. ನಮ್ಮನೆಯವರಿಗೆ ರಾತ್ರಿ ಎಂಟೂವರೆಗೆ ಅಮೆರಿಕದವರ ಜೊತೆ ಮೀಟಿಂಗ್ ಇರುತ್ತದೆ, ಅದನ್ನು ತಪ್ಪಿಸಲು ಆಗದು. ಅವರು ಮಗನಿಗೆ “ಈಗ ಆಫೀಸು, ಬಾಗಿಲು ತೆಗೆದರೆ ಮುಗೀತು ಅಂತ” ಅನ್ನುತ್ತಾರೆ. ಅವನು ಹೊರಗೆ ಕೂತು ಲಾರಿ ಓಡಿಸುತ್ತಿರುತ್ತಾನೆ. ಬಾಗಿಲು ತೆಗೆದ ಸದ್ದಿಗೆ ಓಡುತ್ತಾನೆ.

ಸ್ಕೂಲಿನ ಹೋಂವರ್ಕ್ ವಾಟ್ಸ್ಆ್ಯಪ್‌ನಲ್ಲಿ ಬರುವುದು ಇನ್ನೊಂದು ಪೀಕಲಾಟ. ರಾತ್ರಿ ಎಂಟಕ್ಕೆ ಮೆಸೇಜ್, ನಾಳೆಗೆ ಚಾರ್ಟ್ ಪೇಪರ್ ಬೇಕು ಅಂತ. ನಾವು ಕೆಲವು ಅಪ್ಪ-ಅಮ್ಮಂದಿರು ಸೇರಿ ಮೀಟಿಂಗ್‌ನಲ್ಲಿ ಕೇಳಿಕೊಂಡೆವು. ಬರೆಸುವುದನ್ನು ಡೈರಿಯಲ್ಲೇ ಬರೆಸಿ, ಮೆಸೇಜ್ ಹಾಕುವುದಿದ್ದರೆ ಸಂಜೆ ಐದರೊಳಗೆ ಹಾಕಿ ಅಂತ. ಟೀಚರ್ ಒಪ್ಪಿದರು. ಅವರ ಸಂಜೆಯೂ ಅವರಿಗೆ ಬೇಕಿತ್ತು.

ಒಂದು ಮನೆ ಮಾತ್ರ ಹೀಗೆ ಮಾಡಿದರೆ ಮಗುವಿಗೆ ತಾನೊಬ್ಬನೇ ಅನ್ನಿಸುತ್ತದೆ. ಊರಿಗೆ ಊರೇ ಮಾಡಿದ ಉದಾಹರಣೆ ನಮ್ಮ ಗಡಿಯ ಆಚೆಯೇ ಇದೆ. ಬೆಳಗಾವಿ, ವಿಜಯಪುರಕ್ಕೆ ಹೊಂದಿಕೊಂಡ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಅನ್ನುವ ಹಳ್ಳಿ. ಕೊರೊನಾ ಕಾಲದ ಆನ್‌ಲೈನ್ ಕ್ಲಾಸಿನಿಂದ ಮಕ್ಕಳಿಗೆ ಮೊಬೈಲ್ ಗೀಳು ಹಿಡಿದಿತ್ತು. 2022ರಲ್ಲಿ ಊರಿನವರು ಸೇರಿ ತೀರ್ಮಾನ ಮಾಡಿದರು. ದಿನಾ ಸಂಜೆ ಏಳಕ್ಕೆ ದೇವಸ್ಥಾನದಿಂದ ಸೈರನ್, ಮೊಬೈಲ್, ಟಿವಿ ಎಲ್ಲ ಬಂದ್. ಎಂಟೂವರೆಗೆ ಮತ್ತೆ ತೆಗೆಯಬಹುದು. ಮೊದಮೊದಲು ಗಂಡಸರು ನಕ್ಕರಂತೆ. ಹೆಂಗಸರು ಮಾತ್ರ, ಸೀರಿಯಲ್ ನಾವೂ ಜಾಸ್ತಿ ನೋಡ್ತೀವಿ, ನಿಲ್ಲಿಸೋದಾದ್ರೆ ಇಡೀ ಊರೇ ನಿಲ್ಲಿಸಲಿ ಅಂತ ನಿಂತರು. ನನಗೆ ಹಿಡಿಸಿದ್ದು ಇದೇ. ಅಲ್ಲಿ ಮಕ್ಕಳಿಗೆ ಬೇರೆ ಕಾನೂನು ಇರಲಿಲ್ಲ.

ಹೇಳಿಕೇಳಿ ಕೈಮೀರಿದ್ದರೆ ಮನೆಯಲ್ಲೇ ಗುದ್ದಾಡಬೇಡಿ. ಮಗು ಶಾಲೆ ಬೇಡ ಅನ್ನುತ್ತಿದೆ, ರಾತ್ರಿ ಮಲಗುತ್ತಿಲ್ಲ, ಫೋನ್ ಕಿತ್ತುಕೊಂಡರೆ ಹೊಡೆಯಲು ಬರುತ್ತಿದೆ ಅಂದರೆ ಅದು ಬರೀ ಹಟ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಅಂತ ಇದಕ್ಕೇ ಇದೆ. ಫೋನಿನಲ್ಲಿ ಮಾತಾಡಬೇಕು ಅಂದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416. ಕನ್ನಡದಲ್ಲೇ ಮಾತಾಡಬಹುದು.

ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಿಂದ ನಾದಿನಿಯ ಸಂಸಾರ ರಜೆಗೆ ಬರುತ್ತದೆ. ದೊಡ್ಡವನಿಗೆ ಹದಿಮೂರು, ಅವನದೇ ಫೋನ್ ಇದೆ. ಮೊನ್ನೆ ನಾದಿನಿ ಜೊತೆ ಮಾತಾಡಿದೆ. ಊಟದ ಹೊತ್ತಲ್ಲಿ, ಮಲಗೋ ಹೊತ್ತಲ್ಲಿ ಎಲ್ಲರ ಫೋನೂ ಗೂಡಿಗೆ ಅಂದೆ. “ನಮ್ಮ ಯಜಮಾನ್ರದ್ದೂನಾ ಅತ್ತಿಗೆ?” ಅಂದಳು. ಅವರದ್ದೂ. ಹುಡುಗನೂ ಒಪ್ಪಿದ್ದಾನೆ, ಒಂದೇ ಷರತ್ತು: ಕ್ರಿಕೆಟ್ ಮ್ಯಾಚನ್ನು ಹಾಲ್‌ನ ದೊಡ್ಡ ಟಿವಿಯಲ್ಲೇ ಹಾಕಬೇಕು, ನಾವೂ ಜೊತೆಗೆ ಕೂತು ನೋಡಬೇಕು. ಸಂತೋಷವಾಗಿ ಆಗಲಿ ಅಂದಿದ್ದೇನೆ. ಮ್ಯಾಚು ಶುರುವಾಗುವ ಏಳೂವರೆಗೇ ಅತ್ತೆಯ ಸೀರಿಯಲ್ಲೂ ಬರುತ್ತದೆ. ಅದನ್ನು ಅಜ್ಜಿ, ಮೊಮ್ಮಗ ಇಬ್ಬರೂ ಕೂತು ತೀರ್ಮಾನ ಮಾಡಲಿ.